5ಜಿ ಫೋನ್ ತಂದರೂ ಮನೆಯೊಳಗೆ ಕಾಲ್ ಬರ್ತಿಲ್ಲ, ಸಿಗ್ನಲ್ ಹೆಚ್ಚಿಸೋ ಬೂಸ್ಟರ್ ಹಾಕಿಸಬಹುದಾ?

ತೋಟದಮನೆ: ತೀರ್ಥಹಳ್ಳಿ ಕಡೆ ಹೆಂಚಿನ ಮನೆ, ದಪ್ಪ ಮಣ್ಣಿನ ಗೋಡೆ. ಅಂಗಳದಲ್ಲಿ ಎರಡು ಕಡ್ಡಿ ಸಿಗ್ನಲ್, ಒಳಗೆ ಸೊನ್ನೆ. ಫೈಬರ್ ವೈಫೈ ಇದೆ.

ಮಲ್ನಾಡ್_ಟೆಕ್: ಬೂಸ್ಟರ್ ಖಂಡಿತ ಬೇಡ. ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಕೂರಿಸೋದು ಕಾನೂನುಬಾಹಿರ, ಅಕ್ಕಪಕ್ಕದವರ ನೆಟ್‌ವರ್ಕೂ ಕೆಡುತ್ತೆ. ನಮ್ಮಲ್ಲಿ 5ಜಿ ಹೆಚ್ಚಾಗಿ 3.5 ಗಿಗಾಹರ್ಟ್ಸ್ ಸುತ್ತಮುತ್ತ ಓಡೋದು; ಆ ಅಲೆ ಗುಡ್ಡ, ಒದ್ದೆ ಮರ, ಗೋಡೆ ದಾಟೋದು ಕಷ್ಟ. ಫೋನ್ ಪೆಟ್ಟಿಗೆ ಮೇಲಿನ 5ಜಿ ಅನ್ನೋ ಹೆಸರು ಇದನ್ನು ಹೇಳಲ್ಲ. ಸಿಮ್ ಸೆಟ್ಟಿಂಗ್‌ನಲ್ಲಿ ವೋಲ್ಟಿ (4ಜಿ ಮೇಲೆ ಕಾಲ್), ವೈಫೈ ಕಾಲಿಂಗ್ (ಮನೆಯ ವೈಫೈ ಮೂಲಕ ಕಾಲ್) ಎರಡನ್ನೂ ಆನ್ ಮಾಡಿ, ಫೋನ್ ರೀಸ್ಟಾರ್ಟ್ ಮಾಡಿ. ಆಯ್ಕೆಯೇ ಕಾಣದಿದ್ದರೆ ಸಾಫ್ಟ್‌ವೇರ್ ಅಪ್‌ಡೇಟ್ ನೋಡಿ.

ತೋಟದಮನೆ: ಆನ್ ಆಯ್ತು, ಕಾಲ್ ಸ್ಪಷ್ಟ. ಆದರೆ ಕರೆಂಟ್ ಹೋದ ಕೂಡಲೇ ಕಟ್.

ತುಂಗಾತೀರ: ಮಳೆಗಾಲದಲ್ಲಿ ಅದೇ ದೊಡ್ಡ ತಲೆನೋವು. ವೈಫೈ ಕೊಡೋ ರೂಟರ್‌ಗೆ ಮಿನಿ ಯುಪಿಎಸ್ (ಕರೆಂಟ್ ಹೋದಾಗ ನಡೆಸೋ ಪುಟ್ಟ ಬ್ಯಾಟರಿ) ಹಾಕಿ. ಮೊದಲು ಅಡಾಪ್ಟರ್ ಮೇಲಿನ ಬರಹ ಓದಿ: 12 ವೋಲ್ಟ್ ಇದ್ದರೆ 12ರದ್ದೇ ತನ್ನಿ, 9ರದಕ್ಕೆ 12 ಕೊಟ್ಟರೆ ರೂಟರ್ ಸುಟ್ಟೀತು. ಫೈಬರ್ ಪೆಟ್ಟಿಗೆ ಬೇರೆ, ರೂಟರ್ ಬೇರೆ ಇದ್ದರೆ ಎರಡಕ್ಕೂ ಬೇಕು. 37 ವ್ಯಾಟ್-ಅವರ್ ಬ್ಯಾಟರಿ 8 ವ್ಯಾಟ್ ರೂಟರನ್ನು ಮೂರೂವರೆ ಗಂಟೆ ಆಸುಪಾಸು ನಡೆಸುತ್ತೆ; ನಷ್ಟ ಕಳೆದೇ ಈ ಲೆಕ್ಕ. ಗುಡುಗು ಶುರುವಾಗೋ ಮುಂಚೆಯೇ ಗೋಡೆಯ ಪ್ಲಗ್ ಕಿತ್ತಿಡಿ, ಬ್ಯಾಟರಿ ಮೇಲೆ ನಡೀಲಿ. ಊರಿನ ಫೈಬರ್ ಜಂಕ್ಷನ್‌ನಲ್ಲೇ ಕರೆಂಟ್ ಹೋದರೆ ಮಾತ್ರ ಇದು ಕೈಕೊಡುತ್ತೆ.