ಅನಂತ್ ನಾಗ್ ಬಾಂಬೆಯಲ್ಲೇ ಉಳಿದಿದ್ದರೆ

ಗುಂಪು: ದಾವಣಗೆರೆ ಮನೆಯವರು

ದೊಡ್ಡಪ್ಪ, ರಾತ್ರಿ 8:12
(ವಿಡಿಯೊ)
ಅನಂತ್ ನಾಗ್ ತಮ್ಮ ಬದುಕಿನ ಬಗ್ಗೆ ಮಾತಾಡಿದ್ದು. ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ನೋಡಿ. ಶಿರಾಲಿ, ಹೊನ್ನಾವರದ ಶಾಲೆ, ಸೈನ್ಯಕ್ಕೆ ಸೇರೋಕೆ ಹೋಗಿ ಆಗದೆ ಹೋದದ್ದು, ಬಾಂಬೆಯ ನಾಟಕ, ಸಿನಿಮಾ, ಅವರ ತಮ್ಮ ಶಂಕರ್ ನಾಗ್, ಎಲ್ಲಾ ಬರುತ್ತೆ. ನೋಡಿ ಮುಗಿಸಿ ಸಂಕಟ ಆಯ್ತು. ಈ ಮನುಷ್ಯ ಬಾಂಬೆ ಬಿಟ್ಟು ಬರಬಾರದಿತ್ತು.

ತಮ್ಮ, 8:20
ನಾನೂ ಅದನ್ನೇ ಹೇಳೋದು ದೊಡ್ಡಪ್ಪ. 1974ರ ‘ಅಂಕುರ್’ ನೋಡಿ. ಮುಖ್ಯ ಪಾತ್ರ ಮೂರೇ. ಶಬಾನಾ ಆಜ್ಮಿಗೆ ರಾಷ್ಟ್ರಪ್ರಶಸ್ತಿ ಬಂತು, ಸಾಧು ಮೆಹರ್‌ಗೂ ಬಂತು. ಇವರಿಗೆ ಇಲ್ಲ. ನಾಸಿರುದ್ದೀನ್ ಶಾ ‘ನಿಶಾಂತ್’ ಮೂಲಕ ಕಾಲಿಟ್ಟಾಗ ಇವರು ಆಗಲೇ ‘ಅಂಕುರ್’ ನಿರ್ದೇಶಕ ಶ್ಯಾಮ್ ಬೆನಗಲ್ ಅವರ ನಟ. ನಾಸಿರ್‌ಗೆ ಪದ್ಮಭೂಷಣ 2003ರಲ್ಲಿ, ಇವರಿಗೆ 2025ರಲ್ಲಿ. 22 ವರ್ಷ ತಡ!

ಅತ್ತೆ, 8:23
ಪ್ರಶಸ್ತಿ ಲೆಕ್ಕ ಬಿಡಪ್ಪ. ‘ನಾ ನಿನ್ನ ಬಿಡಲಾರೆ’ ನೋಡಿ ಬಂದು ಮೂರು ರಾತ್ರಿ ನಾನು ದೀಪ ಆರಿಸೋಕೆ ಬಿಟ್ಟಿರಲಿಲ್ಲ. ಅಣ್ಣಾ, ನೀನೇ ಸೆಕೆಂಡ್ ಶೋಗೆ ಕರ್ಕೊಂಡು ಹೋಗಿದ್ದೆ, ನೆನಪಿದ್ಯಾ?

ನಾನು, 8:41
ದೊಡ್ಡಪ್ಪ, ನಿಮಗೆ ಎದುರಾಡ್ತಿದೀನಿ ಅಂದ್ಕೋಬೇಡಿ. ಆದ್ರೆ ಇದನ್ನ ನನ್ನ ಕೈಲಿ ಒಪ್ಪೋಕಾಗಲ್ಲ.

ಮೊದಲನೇದು, ಅವರು ಒಂದೇ ಸಲ ಕಂತೆ ಕಟ್ಟಿಕೊಂಡು ಬಂದುಬಿಟ್ಟವರಲ್ಲ. ‘ಮಂಥನ್’ 1976, ‘ಭೂಮಿಕಾ’ 1977, ‘ಕಲಿಯುಗ್’ 1981. ಇಲ್ಲಿ ‘ಬಯಲು ದಾರಿ’, ‘ಕನ್ನೇಶ್ವರ ರಾಮ’ ಮಾಡ್ತಾನೇ ಅಲ್ಲೂ ಮಾಡ್ತಿದ್ರು.

‘ಅಂಕುರ್’ ಕೊನೇ ಭಾಗ ನೆನಪು ಮಾಡ್ಕೊಳ್ಳಿ. ಸಾಧು ಮೆಹರ್ ಮಾಡಿದ ಬಡವ ಕಿಷ್ಟಯ್ಯ ಪಾಪ ಕೆಲಸ ಕೇಳೋಕೆ ಬರ್ತಿರ್ತಾನೆ. ತನ್ನನ್ನ ಹೊಡೆಯೋಕೇ ಬರ್ತಿದಾನೆ ಅಂತ ಹೆದರಿ ಅನಂತ್ ನಾಗ್ ಮಾಡಿದ ಜಮೀನ್ದಾರನ ಮಗ ಅವನನ್ನ ಚಾಟಿಯಲ್ಲಿ ಬಾರಿಸ್ತಾನೆ. ಆಮೇಲೆ ಮನೆಯೊಳಗೆ ಸೇರ್ಕೊಂಡು ನಿಂತಾಗ ಆ ಮುಖ ನೋಡಬೇಕು. ಅದು ದುಷ್ಟನ ಮುಖ ಅಲ್ಲ, ಪುಕ್ಕಲನ ಮುಖ. ಬಲವಿಲ್ಲದ ಗಂಡಸನ್ನ ಸಿಂಗಾರ ಮಾಡದೆ ತೋರಿಸೋ ಧೈರ್ಯ ಎಷ್ಟು ನಾಯಕರಿಗೆ ಇತ್ತು? ಅದನ್ನೇ ಅವರು ಕನ್ನಡಕ್ಕೆ ತಂದದ್ದು. ‘ಗಣೇಶನ ಮದುವೆ’ಯ ವಠಾರದಲ್ಲಿ ನಾವು ನೋಡಿ ನಕ್ಕದ್ದು ನಮ್ಮ ಪಕ್ಕದ ಮನೆಯವನನ್ನೇ. ಚಪ್ಪಲಿ ಬಿಡೋ ರೀತಿ, ಮನೆ ಮಾಲೀಕನ ಮುಂದೆ ದನಿ ತಗ್ಗಿಸೋ ರೀತಿ, ಎಲ್ಲಾ ನಮ್ಮದು.

ಇನ್ನು ‘ಹಂಸಗೀತೆ’. 1975. ತ.ರಾ.ಸು. ಕಾದಂಬರಿ, ಜಿ.ವಿ. ಅಯ್ಯರ್ ಚಿತ್ರ, ಕತೆ ನಮ್ಮ ಪಕ್ಕದ ಚಿತ್ರದುರ್ಗದ್ದು. ಸಂಗೀತಗಾರ ಭೈರವಿ ವೆಂಕಟಸುಬ್ಬಯ್ಯನ ಸೊಕ್ಕು, ಆಮೇಲೆ ಆ ಸೊಕ್ಕು ಕರಗೋದು, ಮುಪ್ಪು, ಇಷ್ಟನ್ನೂ 27ರ ಹುಡುಗ ಮಾಡಿದ್ದು. ಹಾಡಿದ್ದು ಬಾಲಮುರಳಿಕೃಷ್ಣ, ಅವರಿಗೆ ಆ ಹಾಡಿಕೆಗೆ ರಾಷ್ಟ್ರಪ್ರಶಸ್ತಿಯೂ ಬಂತು. ಆದ್ರೆ ಕುತ್ತಿಗೆಯ ನರ, ಉಸಿರು ಎಳ್ಕೊಳ್ಳೋದು, ಕಣ್ಣು ಮುಚ್ಚೋದು ನೋಡಿದ್ರೆ ಬೇರೆಯವರ ದನಿ ಅಂತ ಅನ್ನಿಸೋದೇ ಇಲ್ಲ. ಇದನ್ನ ಬಾಂಬೆ ಕೊಡ್ತಿತ್ತಾ?

ತಮ್ಮ, 8:44
ಅಕ್ಕ, ‘ಹಂಸಗೀತೆ’ ಎಷ್ಟು ಜನ ನೋಡಿದಾರೆ ಹೇಳು. ನನ್ನ ಆಫೀಸಲ್ಲಿ ಉತ್ತರದ ಹುಡುಗರಿಗೆ ಅವರು ‘ಕೆಜಿಎಫ್’ ಮೊದಲ ಭಾಗದಲ್ಲಿ ಕತೆ ಹೇಳೋ ಪತ್ರಕರ್ತ. ಅಷ್ಟೇ. ಅದಕ್ಕೆ ನನಗೆ ಹೊಟ್ಟೆ ಉರಿಯೋದು.

ನಾನು, 8:46
ಹಾಗಾದ್ರೆ ಆ ಹುಡುಗರಿಗೆ ತೋರಿಸು. ಅವರು ನೋಡದೆ ಇದ್ದದ್ದನ್ನ ಅನಂತ್ ನಾಗ್ ಅವರ ನಷ್ಟ ಅಂತ ಯಾಕೆ ಬರೀತೀಯ?

ಚಿಕ್ಕಪ್ಪ, 8:50
ನಷ್ಟ ಆಗಿದ್ರೆ ಅದು ರಾಜಕೀಯದಿಂದ. 1994ರಲ್ಲಿ ಮಲ್ಲೇಶ್ವರಂ ಶಾಸಕ. ಆಮೇಲೆ ಮುಖ್ಯಮಂತ್ರಿ ಆಗಿದ್ದ ನಮ್ಮ ಕಾರಿಗನೂರು ಜೆ.ಎಚ್. ಪಟೇಲರ ಸಂಪುಟದಲ್ಲಿ ಮಂತ್ರಿ. 2004ರಲ್ಲಿ ಚಾಮರಾಜಪೇಟೆಯಲ್ಲಿ ಎಸ್.ಎಂ. ಕೃಷ್ಣ ಎದುರು ನಿಂತು ಸೋತರು. ನಟನೊಬ್ಬ ಮಾಗೋ ವಯಸ್ಸು ಅದು. ಸಭೆ, ಕಡತದಲ್ಲಿ ಕಳೆದುಹೋಯ್ತು.

ನಾನು, 8:51
ಇದನ್ನ ಒಪ್ತೀನಿ ಚಿಕ್ಕಪ್ಪ.

ಅತ್ತೆ, 8:55
ಸೈನ್ಯದವರು ಬೇಡ ಅಂದು ಕಳಿಸಿದ ಹುಡುಗ ‘ಮುಂಗಾರು ಮಳೆ’ಯಲ್ಲಿ ಕರ್ನಲ್ ಸುಬ್ಬಯ್ಯ ಆಗಿ ಬಂದ್ರಲ್ಲ, ನನಗೆ ಅದೇ ಖುಷಿ. ಆಗ 58 ವಯಸ್ಸು. ಏನು ನಿಲುವು!

ದೊಡ್ಡಪ್ಪ, 9:18
ನೀವೆಲ್ಲ ಸಿನಿಮಾ ಲೆಕ್ಕ ಹೇಳ್ತಿದೀರಿ. ನನ್ನ ಸಂಕಟ ಅದಲ್ಲ.

1990, ಸೆಪ್ಟೆಂಬರ್ 30, ಭಾನುವಾರ. ಬೆಳಿಗ್ಗೆ ನಾನು ಹಾಲು ತರೋಕೆ ಪಿ.ಬಿ. ರಸ್ತೆ ದಾಟ್ತಿದ್ದೆ. ಆನಗೋಡು ಹತ್ರ ಅಪಘಾತ, ಶಂಕರ್ ನಾಗ್ ಹೋದ್ರು ಅಂತ ಯಾರೋ ಅಂದ್ರು. ಬೈದು ಕಳಿಸಿದೆ ಅವನನ್ನ. ಹಾಲಿನ ಪಾತ್ರೆ ಹಿಡ್ಕೊಂಡೇ ನಿಂತಿದ್ದೆ, ಇನ್ನೊಬ್ಬ ಬಂದು ಅದನ್ನೇ ಹೇಳಿದ. ಇನ್ನೂ 36 ತುಂಬಿರಲಿಲ್ಲ. ಇವತ್ತಿಗೂ ಚಿತ್ರದುರ್ಗದ ಕಡೆ ಬಸ್ಸಲ್ಲಿ ಹೋಗುವಾಗ ಆನಗೋಡು ಬಂದ್ರೆ ನಾನು ಕಿಟಕಿ ಕಡೆ ನೋಡಲ್ಲ.

ಅಣ್ಣ ಕನ್ನಡಕ್ಕೆ ಬಂದ, ಹಿಂದೆ ತಮ್ಮನೂ ಬಂದ. ವಿಡಿಯೊದಲ್ಲಿ ತಮ್ಮನ ಮಾತು ಬಂದಾಗ ನಾನು ಅದನ್ನೇ ಯೋಚನೆ ಮಾಡ್ತಿದ್ದೆ. ಇಬ್ಬರೂ ಅಲ್ಲೇ ಇದ್ದಿದ್ರೆ ಆ ರಸ್ತೆಗೆ ಆ ಕಾರು ಬರ್ತಿರಲಿಲ್ಲ.

ಅತ್ತೆ, 9:21
ಅಣ್ಣಾ, ಅವತ್ತು ನೀನು ಊಟ ಮಾಡಿರಲಿಲ್ಲ.

ನಾನು, 9:37
ದೊಡ್ಡಪ್ಪ, ಇದು ನನಗೆ ಗೊತ್ತಿರಲಿಲ್ಲ. ಪ್ರಶಸ್ತಿ ಮಾತು ಅಂದ್ಕೊಂಡು ವಾದಕ್ಕೆ ಇಳಿದುಬಿಟ್ಟೆ, ತಪ್ಪು ತಿಳೀಬೇಡಿ.

ಒಂದೇ ಒಂದು ಹೇಳ್ತೀನಿ. ಬರದೆ ಇದ್ದಿದ್ರೆ ‘ಮಿಂಚಿನ ಓಟ’ ಇರ್ತಿರಲಿಲ್ಲ. ಅಣ್ಣ ತಮ್ಮ ಇಬ್ಬರೂ ಕಾರು ಕದ್ದು ಓಡೋ ಆ ಚಿತ್ರವನ್ನ ನಮಗೆ ಹಾಕಿ ತೋರಿಸಿದ್ದು ನೀವೇ. ಲೋಕನಾಥ್ ಬಂದಾಗಲೆಲ್ಲ ನೀವು ಮಾತು ಮೊದಲೇ ಹೇಳಿಬಿಡ್ತಿದ್ರಿ. ಶಂಕರ್ ಆಗುಂಬೆಯಲ್ಲಿ ತೆಗೆದ ‘ಮಾಲ್ಗುಡಿ ಡೇಸ್’ ಧಾರಾವಾಹಿಯೂ ಇರ್ತಿರಲಿಲ್ಲ.

ಮತ್ತೆ ಅಜ್ಜನ ವಿಷಯ. 2016ರಲ್ಲಿ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಬಂತು. ಮರೆವಿನ ವೆಂಕೋಬರಾವ್ ಬೀದಿಯಲ್ಲಿ ಕಳೆದುಹೋಗೋದನ್ನ ನೋಡಿ ಬಂದ ರಾತ್ರಿಯೇ ನೀವು ಅಜ್ಜನ ಎಲ್ಲಾ ಅಂಗಿಯ ಜೇಬಿನ ಒಳಗೆ ಫೋನ್ ನಂಬರ್ ಬರೆದ ಬಟ್ಟೆ ಚೂರು ಹೊಲಿಸಿದ್ರಿ. ಅಲ್ಲೀತನಕ ಅಜ್ಜ ಬೇಕಂತಲೇ ಹಟ ಮಾಡ್ತಾರೆ ಅಂತ ಮನೇಲಿ ಜಗಳ ಆಗ್ತಿತ್ತು. ಆಮೇಲೆ ಆಗಲಿಲ್ಲ. ಮಾರನೇ ವರ್ಷ ಸಂತೆ ಗದ್ದಲದಲ್ಲಿ ಅಜ್ಜ ತಪ್ಪಿಸಿಕೊಂಡಾಗ ಫೋನ್ ಬಂದದ್ದು ಆ ನಂಬರ್‌ಗೇ. ನಮ್ಮ ಭಾಷೆಯಲ್ಲಿ, ನಮ್ಮ ಅಜ್ಜನ ಥರ ಅಂಗಿ ಹಾಕ್ಕೊಂಡು ಅವರು ಬಂದದ್ದಕ್ಕೇ ನಮಗೆ ಅದು ತಟ್ಟಿದ್ದು.

ಚಿಕ್ಕಪ್ಪ, 9:40
ಹೌದು. ನಾನೇ ಹೋಗಿ ಕರ್ಕೊಂಡು ಬಂದಿದ್ದೆ.

ದೊಡ್ಡಪ್ಪ, 10:02
ಓದಿದೆ ಮಗಳೇ. ‘ಹಂಸಗೀತೆ’ ಮಾತು ಒಪ್ಪಿದೆ. ಅಪ್ಪನ ಮಾತೂ ನಿಜ. ಪದ್ಮಭೂಷಣ 22 ವರ್ಷ ತಡ ಆಗಿದ್ದು ಮಾತ್ರ ಅನ್ಯಾಯ, ಅದರಲ್ಲಿ ಹುಡುಗ ಹೇಳಿದ್ದೇ ಸರಿ. ಭಾನುವಾರ ಎಲ್ಲರೂ ಬನ್ನಿ, ‘ಮಿಂಚಿನ ಓಟ’ ಹಾಕೋಣ. ನೀನು ಸಂಜೆ ಬಸ್ಸಿಗೆ ವಾಪಸ್ ಹೋಗೋ ಹಾಗಿಲ್ಲ.

ಅತ್ತೆ, 10:03
ನಾನು ಮಂಡಕ್ಕಿ ಮೆಣಸಿನಕಾಯಿ ಮಾಡ್ಕೊಂಡು ಬರ್ತೀನಿ.