‘ವಿಳಂಬ’ವೋ ‘ಸಾಗುಹೊತ್ತೋ’: ದೂರದ ರೋಬಾಟಿಗೆ ಆಜ್ಞೆ ತಲುಪುವ ಅವಧಿಗೆ ಯಾವ ಪದ?

ಮಾನ್ಯರೆ,

ದೂರದಿಂದ ನಡೆಸುವ ರೋಬಾಟುಗಳ ಕುರಿತು ಪ್ರೌಢಶಾಲೆಯ ಮಕ್ಕಳಿಗಾಗಿ ಲೇಖನವೊಂದನ್ನು ಬರೆಯುತ್ತಿದ್ದೇನೆ. ಆಜ್ಞೆ ಹೊರಟು ಅದರ ಫಲ ನಮ್ಮ ಕಣ್ಣಿಗೆ ಬೀಳುವವರೆಗಿನ ಅವಧಿಯನ್ನು ಏನೆಂದು ಕರೆಯಬೇಕೆಂಬಲ್ಲಿ ಬರವಣಿಗೆ ನಿಂತಿದೆ.

ರೂಢಿಯ ಪದ ‘ವಿಳಂಬ’. ಆದರೆ ಕಾಮಗಾರಿ ವಿಳಂಬ, ವಿಳಂಬ ಧೋರಣೆ ಎಂದು ಪತ್ರಿಕೆಗಳಲ್ಲಿ ಓದುತ್ತ ಬಂದವರಿಗೆ ಅದು ಯಾರದೋ ತಪ್ಪನ್ನು ಸೂಚಿಸುತ್ತದೆ. ಚಂದ್ರನಿಗೆ ರೇಡಿಯೊ ಸಂಕೇತ ಹೋಗಿ ಬರಲು ಹಿಡಿಯುವ ಸುಮಾರು 2.6 ಸೆಕೆಂಡಿನಲ್ಲಿ ಯಾರ ತಪ್ಪೂ ಇಲ್ಲ. ಬೆಳಕಿನ ವೇಗವೇ ಅಷ್ಟು. ಸಂಗೀತದ ‘ವಿಳಂಬ ಕಾಲ’ದಲ್ಲಿ ಈ ದೋಷದ ಛಾಯೆ ಇಲ್ಲವೆಂಬುದು ನಿಜ, ಆದರೆ ಅಲ್ಲಿ ನಿಧಾನವು ಹಾಡುವವರ ಆಯ್ಕೆ. ಕೆಲವರು ಬಳಸುವ ‘ಸುಪ್ತತೆ’ ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ದಾರಿಯುದ್ದಕ್ಕೂ ಓಡುತ್ತಲೇ ಇರುವ ಸಂಕೇತವನ್ನು ಮಲಗಿದೆ ಎನ್ನುವುದು ಹೇಗೆ?

‘ಸಾಗುಹೊತ್ತು’ ಎಂಬ ಪದ ನನಗೆ ಹೊಳೆದಿದೆ. ಅದಕ್ಕೂ ಒಂದು ಮಿತಿಯಿದೆ. 1970ರ ನವೆಂಬರಿನಲ್ಲಿ ಚಂದ್ರನ ಮೇಲಿಳಿದ ಸೋವಿಯತ್ ಒಕ್ಕೂಟದ ಲೂನಾಖೋದ್-1 ಬಂಡಿಯನ್ನು ಕ್ರಿಮಿಯಾದ ನೆಲದಲ್ಲಿ ಕುಳಿತ ಐದು ಜನರ ತಂಡ ನಡೆಸುತ್ತಿದ್ದಾಗ, ಸಂಕೇತದ ಪಯಣವಷ್ಟೇ ಅಲ್ಲದೆ ನಿಂತು ನಿಂತು ಬರುತ್ತಿದ್ದ ಚಿತ್ರಗಳೂ ಚಾಲಕನನ್ನು ಕಾಯಿಸುತ್ತಿದ್ದವು. ಪಯಣದ ಪಾಲಿಗೆ ಸಾಗುಹೊತ್ತು ಸಲ್ಲುತ್ತದೆ. ಕಾಯಬೇಕಾದ ಒಟ್ಟು ಅವಧಿಗೆ ‘ವಿಳಂಬ’ವನ್ನೇ ಉಳಿಸಿಕೊಳ್ಳಬೇಕೇನೋ.

ಇದು ಬರಿಯ ನಾಮಪದದ ಪ್ರಶ್ನೆಯೂ ಅಲ್ಲ, ಏಕೆಂದರೆ ಈ ಅವಧಿ ಹಿಗ್ಗಿದಂತೆ ಕ್ರಿಯಾಪದವೂ ಬದಲಾಗಬೇಕಾಗುತ್ತದೆ. ತಡವಾಗಿ ಚಿತ್ರ ಬಂದರೆ ಮನುಷ್ಯರು ತಾವಾಗಿಯೇ ತುಸು ನಡೆಸಿ, ಕಾದು ನೋಡಿ, ಮತ್ತೆ ನಡೆಸುತ್ತಾರೆಂಬುದನ್ನು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ವಿಲಿಯಂ ಫೆರೆಲ್ 1960ರ ದಶಕದಲ್ಲಿಯೇ ಪ್ರಯೋಗಗಳಿಂದ ತೋರಿಸಿದರು. ಅದಕ್ಕೆ ‘ದೂರಚಾಲನೆ’ ಸರಿಹೊಂದುತ್ತದೆ. ಮಂಗಳ ಗ್ರಹಕ್ಕೆ ಸಂಕೇತ ಹೋಗಲು ಒಂದು ದಿಕ್ಕಿಗೇ 3ರಿಂದ 22 ನಿಮಿಷ ಬೇಕಾಗುವುದರಿಂದ, ಗುರಿಯನ್ನು ಹೇಳಿ, ದಾರಿಯ ಕಲ್ಲುಗಳನ್ನು ತಪ್ಪಿಸುವ ಹೊಣೆಯನ್ನು ಬಹುಪಾಲು ಬಂಡಿಗೇ ವಹಿಸಬೇಕಾಗುತ್ತದೆ. ಇದನ್ನು ‘ಮೇಲುಸ್ತುವಾರಿ’ ಎನ್ನಬಹುದೆಂದು ನನ್ನ ಅಭಿಪ್ರಾಯ. ‘ನಿಯಂತ್ರಣ’ ಎಂದರೆ ಕೈ ಸದಾ ಹಿಡಿಯ ಮೇಲಿದೆ ಎಂಬ ತಪ್ಪು ಭಾವನೆ ಬರುತ್ತದೆ.

ಉಪಗ್ರಹದ ಮೂಲಕ ಹೊರದೇಶಕ್ಕೆ ಫೋನ್ ಮಾಡುತ್ತಿದ್ದ ಕಾಲದಲ್ಲಿ ಅತ್ತಲಿನ ಉತ್ತರ ತುಸು ತಡವಾಗಿ ಕೇಳಿಸುತ್ತಿತ್ತು. ಆ ತಡಕ್ಕೆ ನಿಮ್ಮ ಮನೆಗಳಲ್ಲಾಗಲಿ, ದೂರವಾಣಿ ಅಥವಾ ಹ್ಯಾಮ್ ರೇಡಿಯೊ ಬಳಸುತ್ತಿದ್ದವರಲ್ಲಾಗಲಿ ಕನ್ನಡದ ಮಾತೇನಾದರೂ ಇತ್ತೇ? ಬಲ್ಲವರು ಬಳಕೆಯ ಸಂದರ್ಭದೊಂದಿಗೆ ತಿಳಿಸಬೇಕೆಂದು ಕೋರುತ್ತೇನೆ.