ಡೆಸ್ಕ್‌ಟಾಪ್‌ಗೆ ವಿಡಿಯೊ ಕಾರ್ಡ್ ಬೇಕೇ, ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್ ಸಾಕೇ?

ಶಿರಸಿಯ ಪೋಷಕ:
ಎಲ್ಲರಿಗೂ ನಮಸ್ಕಾರ. ಸಿವಿಲ್ ಎಂಜಿನಿಯರಿಂಗ್ ಎರಡನೆಯ ವರ್ಷದಲ್ಲಿ ಓದುತ್ತಿರುವ ಮಗಳಿಗೂ, ಮದುವೆ ವಿಡಿಯೊಗಳನ್ನು ಎಡಿಟ್ ಮಾಡುವ ನನ್ನ ತಮ್ಮನಿಗೂ ಸೇರಿ ಒಂದೇ ಡೆಸ್ಕ್‌ಟಾಪ್ ಕೊಳ್ಳಬೇಕೆಂದಿದ್ದೇವೆ. ಅಂಗಡಿಯವರು ಕೊಟ್ಟ ಕೊಟೇಶನ್‌ನಲ್ಲಿ ಇಂಟೆಲ್ ಕೋರ್ ಐ5 12400ಎಫ್ ಪ್ರೊಸೆಸರ್, 16 ಜಿಬಿಯ ಒಂದೇ ಒಂದು ಕಡ್ಡಿಯಿರುವ ಡಿಡಿಆರ್4 ರ‍್ಯಾಮ್ ಮತ್ತು 2 ಜಿಬಿಯ ಜಿಟಿ 710 ಕಾರ್ಡ್ ಇವೆ. ಕಾರ್ಡ್ ಇದ್ದರೆ ಕಂಪ್ಯೂಟರ್ ವೇಗವಾಗಿರುತ್ತದೆ ಎಂಬುದು ಅವರ ವಾದ. ಇದು ಸರಿಯೇ? ನಮ್ಮಲ್ಲಿ ಮಳೆಗಾಲದಲ್ಲಿ ಕರೆಂಟ್ ಪದೇ ಪದೇ ಹೋಗುವುದರಿಂದ 600 ವಿಎ ಯುಪಿಎಸ್ ಇಟ್ಟುಕೊಂಡಿದ್ದೇವೆ, ಅದನ್ನೂ ಗಮನದಲ್ಲಿಟ್ಟು ಹೇಳಬೇಕಾಗಿ ಕೋರಿಕೆ.

ಆಟದಂಗಳ:
ಕಾರ್ಡ್ ಬೇಕೇ ಬೇಕು, ಆದರೆ ಈ ಕಾರ್ಡ್ ಅಲ್ಲ. ಪ್ರೊಸೆಸರ್‌ನೊಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇರುವುದಿಲ್ಲ. ಅದು ರ‍್ಯಾಮ್‌ನಿಂದಲೇ ಪಾಲು ಪಡೆಯುತ್ತದೆ, ವಿಂಡೋಸ್ ಅದಕ್ಕೆ ಒಟ್ಟು ರ‍್ಯಾಮ್‌ನ ಅರ್ಧದವರೆಗೂ ಬಿಟ್ಟುಕೊಡುತ್ತದೆ. ನಾಲ್ಕೈದು ವರ್ಷ ಬಾಳಿಕೆ ಬರಬೇಕಾದ ಯಂತ್ರವನ್ನು ಹೀಗೆ ಕೈಕಟ್ಟಿ ಕೂರಿಸುವುದಕ್ಕಿಂತ, ಸ್ವಲ್ಪ ಹೆಚ್ಚು ಹಣ ಹಾಕಿ ಆರ್‌ಟಿಎಕ್ಸ್ 3060 ಅಥವಾ 4060 ತೆಗೆದುಕೊಳ್ಳುವುದೇ ಜಾಣತನ.

ಯಂತ್ರಪ್ರಿಯ:
ಜಿಟಿ 710 ಬೇಡ ಎಂಬ ಮಾತನ್ನು ಪೂರ್ತಿ ಒಪ್ಪುತ್ತೇನೆ, ಉಳಿದದ್ದನ್ನು ಒಪ್ಪಲಾರೆ. ಇಲ್ಲಿ ಮುಖ್ಯ ಪ್ರಶ್ನೆ ಕಾರ್ಡ್ ಇದೆಯೋ ಇಲ್ಲವೋ ಎಂಬುದಲ್ಲ, ಗ್ರಾಫಿಕ್ಸ್ ಚಿಪ್‌ಗೆ ಸೆಕೆಂಡಿಗೆ ಎಷ್ಟು ದತ್ತಾಂಶ ತಲುಪುತ್ತದೆ ಎಂಬುದು. ಡಿಡಿಆರ್3 ಮೆಮೊರಿಯ ಜಿಟಿ 710 ಕಾರ್ಡ್‌ನಲ್ಲಿ ಅದು ಕೇವಲ 14.4 ಜಿಬಿ. ಅದೇ ಕೊಟೇಶನ್‌ನಲ್ಲಿರುವ ರ‍್ಯಾಮ್ 3200ರ ವೇಗದ್ದಾಗಿದ್ದರೆ ಒಂದೇ ಕಡ್ಡಿಯಿಂದ 25.6 ಜಿಬಿ ಬರುತ್ತದೆ, ಅದನ್ನೇ 8 ಜಿಬಿಯ ಎರಡು ಕಡ್ಡಿಗಳಾಗಿ ಹಾಕಿಸಿದರೆ 51.2 ಜಿಬಿ. ಅಂದರೆ ಅಂಗಡಿಯವರು ‘ಎಫ್’ ಅಕ್ಷರವಿರುವ ಪ್ರೊಸೆಸರ್ ಕೊಟ್ಟು ಒಳಗಿನ ಗ್ರಾಫಿಕ್ಸನ್ನು ತೆಗೆದುಹಾಕಿ, ಅದಕ್ಕಿಂತ ನಿಧಾನವಾದ ಕಾರ್ಡ್ ಒಂದನ್ನು ಪ್ರತ್ಯೇಕ ಹಣಕ್ಕೆ ಮಾರುತ್ತಿದ್ದಾರೆ. ‘ಎಫ್’ ಇಲ್ಲದ 12400 ತೆಗೆದುಕೊಂಡರೆ ಯುಎಚ್‌ಡಿ 730 ಗ್ರಾಫಿಕ್ಸ್ ಪ್ರೊಸೆಸರ್‌ನೊಳಗೇ ಸಿಗುತ್ತದೆ.

ಹೆಸರು ನೋಡಿ ಕಾರ್ಡ್ ಕೊಳ್ಳುವುದೂ ಅಪಾಯವೇ. ಜಿಟಿ 1030 ಎಂಬ ಒಂದೇ ಹೆಸರಿನಲ್ಲಿ ಎರಡು ಬಗೆಯವು ಮಾರಾಟವಾಗಿವೆ: ಜಿಡಿಡಿಆರ್5 ಮೆಮೊರಿ ಇರುವುದರ ವೇಗ ಸೆಕೆಂಡಿಗೆ 48 ಜಿಬಿ, ಡಿಡಿಆರ್4 ಇರುವುದರದ್ದು 17 ಜಿಬಿಗೂ ಕಡಿಮೆ. ಪೆಟ್ಟಿಗೆಯ ಮೇಲೆ ಸಣ್ಣ ಅಕ್ಷರಗಳಲ್ಲಿರುವ ಮೆಮೊರಿಯ ಬಗೆಯನ್ನು ಓದದೆ ಹಣ ಕೊಡಬೇಡಿ.

ಆಟದಂಗಳ:
51.2 ಜಿಬಿ ಎಂದು ಹೆಮ್ಮೆಪಡುವಾಗ 3060ಯ 12 ಜಿಬಿ ಕಾರ್ಡ್ ಸೆಕೆಂಡಿಗೆ 360 ಜಿಬಿ ಕೊಡುತ್ತದೆ ಎಂಬುದನ್ನೂ ಹೇಳಬೇಕಲ್ಲವೇ? ಅದೂ ಅಲ್ಲದೆ ಆ 51.2 ಜಿಬಿಯನ್ನು ಪ್ರೊಸೆಸರ್ ಕೂಡ ಬಳಸಿಕೊಳ್ಳುತ್ತದೆ. ಒಳಗಿನ ಗ್ರಾಫಿಕ್ಸ್ ಎಂಬ ವ್ಯವಸ್ಥೆಯಲ್ಲಿಯೇ ಈ ದೌರ್ಬಲ್ಯವಿದೆ.

ಯಂತ್ರಪ್ರಿಯ:
ವ್ಯವಸ್ಥೆಯಲ್ಲಿ ದೌರ್ಬಲ್ಯವಿದೆ ಎಂದಾದರೆ ಪ್ಲೇಸ್ಟೇಶನ್ 5 ಹೇಗೆ ಕೆಲಸ ಮಾಡುತ್ತದೆ? ಅದರಲ್ಲಿಯೂ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಒಂದೇ ಚಿಪ್‌ನಲ್ಲಿವೆ, 16 ಜಿಬಿ ಮೆಮೊರಿಯನ್ನು ಎರಡೂ ಹಂಚಿಕೊಳ್ಳುತ್ತವೆ. ಆದರೆ ಆ ಮೆಮೊರಿ ಸೆಕೆಂಡಿಗೆ 448 ಜಿಬಿ ಸಾಗಿಸುತ್ತದೆ. ಎಎಂಡಿ 2025ರಲ್ಲಿ ತಂದ ರೈಜನ್ ಎಐ ಮ್ಯಾಕ್ಸ್ ಚಿಪ್‌ಗಳೂ ಇದೇ ದಾರಿ ಹಿಡಿದು 256 ಜಿಬಿ ಮುಟ್ಟಿವೆ. ಅದಕ್ಕಾಗಿ ರ‍್ಯಾಮನ್ನು ಬೋರ್ಡ್‌ಗೇ ಬೆಸುಗೆ ಹಾಕಬೇಕಾಯಿತು, ಆಮೇಲೆ ಬದಲಿಸುವಂತಿಲ್ಲ. ಹಾಗಾಗಿ ಒಂದೇ ಚಿಪ್‌ನಲ್ಲಿರುವುದು ದೋಷವಲ್ಲ, ನಮ್ಮ ಸಾಮಾನ್ಯ ಡೆಸ್ಕ್‌ಟಾಪ್ ಬೋರ್ಡ್‌ಗಳಲ್ಲಿ ರ‍್ಯಾಮ್‌ಗಿರುವ ದಾರಿ ಕಿರಿದಾಗಿರುವುದು ದೋಷ.

ಕಟ್ಟಡ ವಿನ್ಯಾಸಕಿ:
ಚರ್ಚೆ ಆಟಗಳ ಕಡೆ ಹೊರಳುವ ಮೊದಲು ಆ ಹುಡುಗಿಯ ಓದಿನ ಬಗ್ಗೆ ಹೇಳಿಬಿಡುತ್ತೇನೆ. ನಕ್ಷೆ ಬಿಡಿಸುವ ತಂತ್ರಾಂಶವಾದ ಆಟೋಕ್ಯಾಡ್‌ನ ಇತ್ತೀಚಿನ ಆವೃತ್ತಿಗಳಿಗೆ ಆಟೋಡೆಸ್ಕ್ ಕಂಪನಿ ನಿಗದಿಪಡಿಸಿರುವ ಕನಿಷ್ಠ ಗ್ರಾಫಿಕ್ಸ್ ಬ್ಯಾಂಡ್‌ವಿಡ್ತ್ (ಸೆಕೆಂಡಿಗೆ ಸಾಗುವ ದತ್ತಾಂಶ) 29 ಜಿಬಿ, ಶಿಫಾರಸು ಮಾಡಿರುವುದು 106 ಜಿಬಿ. ಯಂತ್ರಪ್ರಿಯರು ಕೊಟ್ಟ ಅಂಕಿಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿ: ಜಿಟಿ 710 ಕನಿಷ್ಠದ ಅರ್ಧಕ್ಕೆ ಬರುತ್ತದೆ, ಒಂದು ಕಡ್ಡಿ ರ‍್ಯಾಮ್ ಕನಿಷ್ಠಕ್ಕೆ ಸ್ವಲ್ಪದರಲ್ಲಿ ತಪ್ಪುತ್ತದೆ, ಎರಡು ಕಡ್ಡಿ ಹಾಕಿದರೆ ದಾಟುತ್ತದೆ. ಕಾಲೇಜಿನ ಪ್ಲಾನ್, ಸೆಕ್ಷನ್, ಎಲಿವೇಶನ್‌ಗಳಿಗೆ ಅಷ್ಟು ಸಾಕು. ಸ್ಟಾಡ್‌ನಂಥ ತಂತ್ರಾಂಶದಲ್ಲಿ ತೊಲೆ, ಕಂಬಗಳ ಮೇಲಿನ ಭಾರವನ್ನು ಲೆಕ್ಕ ಹಾಕುವುದು ಮುಖ್ಯವಾಗಿ ಪ್ರೊಸೆಸರ್‌ನ ಕೆಲಸ, ಕಾರ್ಡ್ ಹಾಕಿದ ಮಾತ್ರಕ್ಕೆ ಅದು ಬೇಗ ಮುಗಿಯುವುದಿಲ್ಲ. ಲುಮಿಯಾನ್‌ನಲ್ಲಿ ಕಟ್ಟಡದ ಸುತ್ತ ಮರ, ನೆರಳು, ಬಿಸಿಲು ತೋರಿಸುವ ಹಂತಕ್ಕೆ ಬಂದಾಗ ಮಾತ್ರ ಒಳ್ಳೆಯ ಕಾರ್ಡ್ ಇಲ್ಲದೆ ನಡೆಯದು, ಮತ್ತು ಆ ಅಗತ್ಯ ಸಿವಿಲ್‌ನವರಿಗಿಂತ ಆರ್ಕಿಟೆಕ್ಚರ್‌ನವರಿಗೆ ಹೆಚ್ಚು.

ಮದುವೆ ಎಡಿಟರ್:
ತಮ್ಮನವರ ಕೆಲಸವೇ ನನ್ನ ಕೆಲಸವೂ ಆಗಿರುವುದರಿಂದ ಇದನ್ನು ಬಿಡಿಸಿ ಹೇಳುತ್ತೇನೆ. ಅವರು ಯಾವ ಕ್ಯಾಮೆರಾ ಬಳಸುತ್ತಾರೆ ಎಂಬುದನ್ನು ಮೊದಲು ಕೇಳಿಕೊಳ್ಳಿ. ಕ್ಯಾನನ್ ಆರ್6ನಂಥ ಕ್ಯಾಮೆರಾದಲ್ಲಿ ಸಿ-ಲಾಗ್ (ಆಮೇಲೆ ಬಣ್ಣ ತಿದ್ದಲು ಅನುಕೂಲವಾಗುವ ಚಿತ್ರಣ ವಿಧಾನ) ಹಾಕಿ ಚಿತ್ರಿಸಿದರೆ ಫೈಲ್ 10-ಬಿಟ್, 4:2:2, ಎಚ್.265 ರೂಪದಲ್ಲಿ, ಅಂದರೆ ಬಣ್ಣದ ವಿವರ ಹೆಚ್ಚಿದ್ದು ಬಿಗಿಯಾಗಿ ಕುಗ್ಗಿಸಿದ ರೂಪದಲ್ಲಿ ಬರುತ್ತದೆ. ಇದನ್ನು ಟೈಮ್‌ಲೈನ್‌ನಲ್ಲಿಟ್ಟು ಓಡಿಸಿದಾಗ ಧ್ವನಿ ಮುಂದೆ ಹೋಗಿ ಚಿತ್ರ ತಡೆತಡೆದು ಬರುವುದನ್ನು ಎಡಿಟ್ ಮಾಡುವವರೆಲ್ಲ ನೋಡಿರುತ್ತಾರೆ. ಎನ್‌ವಿಡಿಯಾದ 3060, 4060 ಕಾರ್ಡ್‌ಗಳು ಎಷ್ಟೇ ಶಕ್ತಿಶಾಲಿಯಾಗಿದ್ದರೂ ಈ ರೂಪವನ್ನು ಬಿಡಿಸುವ ಯಂತ್ರಾಂಶ ಅವುಗಳಲ್ಲಿಲ್ಲ. 2025ರಲ್ಲಿ ಬಂದ 50ರ ಸರಣಿಯಲ್ಲಿ ಮಾತ್ರ ಆ ಕಂಪನಿ ಅದನ್ನು ಸೇರಿಸಿದೆ. ಇಂಟೆಲ್‌ನ 11ನೆಯ ತಲೆಮಾರಿನಿಂದೀಚಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಒಳಗಿನ ಗ್ರಾಫಿಕ್ಸ್, ಕ್ವಿಕ್ ಸಿಂಕ್ ಎಂಬ ಭಾಗದ ಮೂಲಕ, ಇದನ್ನು ಸಲೀಸಾಗಿ ಮಾಡುತ್ತದೆ. ‘ಎಫ್’ ಪ್ರೊಸೆಸರ್ ಕೊಂಡರೆ ಆ ಸೌಲಭ್ಯವೇ ಕೈತಪ್ಪುತ್ತದೆ.

ಹಾಗೆಂದು ಕಾರ್ಡ್ ಬೇಡವೆಂದು ನಾನು ಹೇಳುತ್ತಿಲ್ಲ. ಡಾವಿಂಚಿ ರಿಸಾಲ್ವ್ ಎಂಬ ಎಡಿಟಿಂಗ್ ತಂತ್ರಾಂಶದಲ್ಲಿ ಬಣ್ಣ ತಿದ್ದುವುದು, ರಾತ್ರಿಯ ಆರತಕ್ಷತೆಯ ದೃಶ್ಯಗಳಲ್ಲಿ ಚುಕ್ಕಿಚುಕ್ಕಿಯಾಗಿ ಕಾಣುವ ನಾಯ್ಸ್ ತೆಗೆಯುವುದು, ಇವೆಲ್ಲ ನೇರವಾಗಿ ಗ್ರಾಫಿಕ್ಸ್ ಚಿಪ್ ಮೇಲೆ ಬೀಳುವ ಕೆಲಸಗಳು. ಕಾರ್ಡ್‌ನ ಸ್ವಂತ ಮೆಮೊರಿ ಸಾಲದಾದಾಗ ಜಿಪಿಯು (ಗ್ರಾಫಿಕ್ಸ್ ಚಿಪ್) ಮೆಮೊರಿ ತುಂಬಿದೆ ಎಂದು ತಂತ್ರಾಂಶ ಕೆಲಸವನ್ನೇ ನಿಲ್ಲಿಸುತ್ತದೆ. ಎಡಿಟರ್‌ಗೆ ಎರಡೂ ಬೇಕು: ಫೈಲ್ ಬಿಡಿಸಲು ಒಳಗಿನದು, ಬಣ್ಣ ತಿದ್ದಲು ಹೊರಗಿನದು.

ಆಟದಂಗಳ:
4:2:2 ವಿಷಯದಲ್ಲಿ ನಿಮ್ಮ ಮಾತು ಗಟ್ಟಿಯಾಗಿದೆ. ಆದರೆ ಎರಡೂ ಬೇಕು ಎನ್ನುವುದಾದರೆ ನನ್ನ ಮೊದಲ ಮಾತು ಬಿದ್ದುಹೋಗಲಿಲ್ಲವಲ್ಲ. ಕಾರ್ಡನ್ನು ಈಗಲೇ ಕೊಂಡರೆ ತಮ್ಮನವರ ಕೆಲಸ ಈ ಸೀಸನ್‌ನಿಂದಲೇ ಬೇಗ ಸಾಗುತ್ತದೆ.

ಯಂತ್ರಪ್ರಿಯ:
ಈಗಲೇ ಕೊಳ್ಳುವುದಕ್ಕೆ ಅಡ್ಡಿಯಾಗಿರುವುದು ಅವರ ಯುಪಿಎಸ್. 600 ವಿಎ ಎಂದು ಬರೆದಿರುವ ಯುಪಿಎಸ್‌ಗಳು ಸಾಮಾನ್ಯವಾಗಿ ಕೊಡುವುದು 360 ವ್ಯಾಟ್. 12400 ಪೂರ್ಣ ವೇಗದಲ್ಲಿ 117 ವ್ಯಾಟ್ ಎಳೆಯಬಲ್ಲದು, 3060 ಕಾರ್ಡ್ 170 ವ್ಯಾಟ್. ಮಾನಿಟರ್, ಬೋರ್ಡ್, ಫ್ಯಾನ್‌ಗಳನ್ನು ಸೇರಿಸಿದರೆ ಎಕ್ಸ್‌ಪೋರ್ಟ್ ನಡೆಯುವಾಗ ಕರೆಂಟ್ ಹೋದ ಕ್ಷಣದಲ್ಲಿ ಯುಪಿಎಸ್ ತಡೆದುಕೊಳ್ಳದೆ ಕೈಕೊಡುವ ಸಾಧ್ಯತೆ ನಿಜವಾಗಿಯೂ ಇದೆ. 4060 ಆದರೆ 115 ವ್ಯಾಟ್, ಸ್ವಲ್ಪ ಉಸಿರಾಡಲು ಜಾಗವಿರುತ್ತದೆ. ಆದರೆ ಅದರ ಮೆಮೊರಿ 8 ಜಿಬಿ ಮಾತ್ರ, ರಿಸಾಲ್ವ್‌ಗೆ 12 ಜಿಬಿಯೇ ಮೇಲು. ಒಳಗಿನ ಗ್ರಾಫಿಕ್ಸ್ ಮಾತ್ರ ಇದ್ದರೆ ಈ ಚಿಂತೆಯೇ ಇಲ್ಲ.

ಶಿರಸಿಯ ಪೋಷಕ:
ತಮ್ಮನನ್ನು ಕೇಳಿದೆ. ಅವನು ಬಳಸುವುದು ಆರ್6 ಕ್ಯಾಮೆರಾವೇ, ಮತ್ತು ಚಿತ್ರ ತಡೆದು ಬರುವ ತೊಂದರೆ ಸ್ಟುಡಿಯೊದ ಹಳೆಯ ಕಂಪ್ಯೂಟರ್‌ನಲ್ಲಿಯೂ ಇದೆಯಂತೆ. ಹಾಗಾದರೆ ‘ಎಫ್’ ಇಲ್ಲದ 12400, ಎರಡು ಕಡ್ಡಿ ರ‍್ಯಾಮ್ ಇಷ್ಟನ್ನು ಈಗ ತೆಗೆದುಕೊಂಡು, ಮುಂದಿನ ಮದುವೆ ಸೀಸನ್‌ನ ದುಡಿಮೆಯಲ್ಲಿ ಕಾರ್ಡನ್ನೂ ದೊಡ್ಡ ಯುಪಿಎಸ್ಸನ್ನೂ ಒಟ್ಟಿಗೆ ಕೊಂಡರೆ ಆದೀತೇ?

ಮದುವೆ ಎಡಿಟರ್:
ಆಗುತ್ತದೆ. ರ‍್ಯಾಮ್ ಮಾತ್ರ ಒಟ್ಟು 16 ಜಿಬಿಯ ಬದಲು 16 ಜಿಬಿಯ ಎರಡು ಕಡ್ಡಿ ಹಾಕಿಸಿ, ಗ್ರಾಫಿಕ್ಸ್‌ಗೆ ಪಾಲು ಹೋದ ಮೇಲೆ ಎಡಿಟಿಂಗ್‌ಗೆ ಉಳಿಯಬೇಕಲ್ಲ. ಮುಂದೆ ಕಾರ್ಡ್ ಹಾಕಿಸಿದ ದಿನ ಮಾನಿಟರ್ ಕೇಬಲನ್ನು ಕಾರ್ಡ್‌ನ ಪೋರ್ಟ್‌ಗೇ ಸಿಕ್ಕಿಸಿ, ಮತ್ತು ಬಯೋಸ್‌ನಲ್ಲಿ (ಬೋರ್ಡ್‌ನ ಮೂಲ ಸೆಟ್ಟಿಂಗ್‌ಗಳಲ್ಲಿ) ಐಜಿಪಿಯು ಮಲ್ಟಿ ಮಾನಿಟರ್ ಎಂಬ ಆಯ್ಕೆ ಚಾಲೂ ಇದೆಯೇ ನೋಡಿಸಿ, ಏಕೆಂದರೆ ಕೆಲವು ಬೋರ್ಡ್‌ಗಳು ಕಾರ್ಡ್ ಕಂಡ ಕೂಡಲೇ ಒಳಗಿನ ಗ್ರಾಫಿಕ್ಸನ್ನು ತಾವಾಗಿಯೇ ಆಫ್ ಮಾಡಿಬಿಡುತ್ತವೆ.

ಆಟದಂಗಳ:
ಎಸ್‌ಎಂಪಿಎಸ್ (ಕಂಪ್ಯೂಟರ್‌ನ ಭಾಗಗಳಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆ) ಅನ್ನು ಈಗಲೇ 550 ವ್ಯಾಟ್‌ನದ್ದು ಹಾಕಿಸಿ, ಒಳ್ಳೆಯ ಕಂಪನಿಯದ್ದೇ ಆಗಿರಲಿ. 3060ಗೆ ಅಷ್ಟು ಬೇಕೆಂದು ಎನ್‌ವಿಡಿಯಾವೇ ಹೇಳಿದೆ, ಮತ್ತು ಕ್ಯಾಬಿನೆಟ್ ಜೊತೆ ಪುಕ್ಕಟೆಯಾಗಿ ಬರುವ ಎಸ್‌ಎಂಪಿಎಸ್‌ಗಳಲ್ಲಿ ಕಾರ್ಡ್‌ಗೆ ಬೇಕಾದ 8 ಪಿನ್ನಿನ ವೈರ್ ಬಹಳಷ್ಟು ಸಲ ಇರುವುದೇ ಇಲ್ಲ.